ಲೋಸ್ಟಾಫ್ಟ್‌ನ ಸೂರ್ಯಾಸ್ತ

ಪಿಕಪ್ ನಮ್ಮ ಬೆನ್ನಿಗೇ ಇತ್ತು!

ಕನ್ನಡಿಯಲ್ಲಿ ಅದರ ಹೆಡ್‌ಲೈಟು ಮಾತ್ರ ಕಾಣುತ್ತಿತ್ತು. ಉರಿಯಿತು. ಆರಿತು. ಮತ್ತೆ ಉರಿಯಿತು. ನಿಲ್ಲಿಸು... ನಿಲ್ಲಿಸು... ಎನ್ನುವ ಹಾಗೆ.

ನಾನು ಆಕ್ಸಲರೇಟರ್ ಒತ್ತಿದೆ.

“ಒತ್ತಬೇಡ ಮಾರಾಯ್ತಿ!” ಪಕ್ಕದ ಸೀಟಿನಲ್ಲಿ ಬದ್ರುನ್ನಿಸಾ ಕಿರುಚಿದಳು. “ಮುಂದೆ ಸ್ಪೀಡ್ ಕ್ಯಾಮೆರಾ ಉಂಟು!”

ಕಾಲು ತೆಗೆದೆ.

ಹಿಂದಿನ ಪಿಕಪ್ ಕೂಡ ನಿಧಾನವಾಯಿತು. ಅವರಿಗೂ ಆ ಕ್ಯಾಮೆರಾ ಗೊತ್ತು. ದಂಡ ಯಾರಿಗೆ ಬೇಕು? ಸೌದಿಯ ಯಾನ್ಬುವಿನ ಕಡಲ ರಸ್ತೆಯಲ್ಲಿ ಎರಡು ಗಾಡಿಗಳು ಜೀವದ ಹಂಗು ತೊರೆದು ಓಡುತ್ತಿದ್ದವು... ಅರವತ್ತರ ವೇಗದಲ್ಲಿ! ಪಾದಚಾರಿ ದಾರಿಯಲ್ಲಿ ಸೈಕಲ್ ಕಲಿಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ನಮಗೆ ಟಾಟಾ ಮಾಡಿದಳು.

ಬದ್ರುನ್ನಿಸಾ ಕೈ ಬೀಸಿದಳು. ಮರ್ಯಾದೆ ಬಿಡುವ ಹೆಂಗಸಲ್ಲ ಅವಳು.

ನಿಜ ಹೇಳಬೇಕೆಂದರೆ, ಬೆನ್ನಟ್ಟಲು ಹೊರಟವಳು ನಾನೇ. ಅವರು ಮುಂದೆ, ನಾನು ಹಿಂದೆ. ರೌಂಡ್‌ಅಬೌಟಿನಲ್ಲಿ ಹೊರಗೆ ಬರುವ ದಾರಿ ತಪ್ಪಿತು. ಸುತ್ತಿದೆ. ಮತ್ತೊಮ್ಮೆ ಸುತ್ತಿದೆ. ಈಚೆ ಬಂದು ನೋಡಿದರೆ ನಾನು ಮುಂದೆ, ಅವರು ಹಿಂದೆ!

ನಗಬೇಡಿ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ನನ್ನ ಹೆಸರು ಐಡಾ. ಊರು ಉಡುಪಿಯ ಹತ್ತಿರ. ಗಂಡ ಫೆಲಿಕ್ಸ್ ಇಲ್ಲಿನ ಒಂದು ಪ್ಲಾಂಟಿನಲ್ಲಿ ಸೂಪರ್‌ವೈಸರ್. ನಾನು... ಹುಡುಗರನ್ನು ವಿಚಾರಿಸುವವಳು.

ನಮ್ಮ ಕಡೆ ಮದುವೆಯ ಮಾತು ಬಂದರೆ ಯಾರಾದರೂ ಒಬ್ಬರು ಗುಟ್ಟಾಗಿ ವಿಚಾರಿಸಬೇಕು. ಕುಡಿಯುತ್ತಾನಾ? ಮೊದಲೊಬ್ಬಳು ಇದ್ದಳಾ? ಹೇಳಿದ ಕೆಲಸ ನಿಜವಾ? ಊರಿನಲ್ಲಾದರೆ ಪಕ್ಕದ ಮನೆಯವರು ಕೇಳುವ ಮೊದಲೇ ಹೇಳುತ್ತಾರೆ. ಗಲ್ಫಿನಲ್ಲಿ ಪಕ್ಕದ ಮನೆಯವನು ಯಾವ ದೇಶದವನೋ. ಹಾಗಾಗಿ ಜನ ನನಗೆ ಫೋನ್ ಮಾಡುತ್ತಾರೆ.

ನನ್ನ ಹತ್ತಿರ ಪಿಸ್ತೂಲಿಲ್ಲ. ಮೊಣಕಾಲಿಗೆ ಹಾಕುವ ಕ್ಯಾಪ್ ಇದೆ. ಸಹಾಯಕ್ಕೆ ಗೂಂಡಾಗಳಿಲ್ಲ. ಭಟ್ಕಳದ ಬಟ್ಟೆ ವ್ಯಾಪಾರಿ ಕಮಾಲುದ್ದೀನರ ಹೆಂಡತಿ ಬದ್ರುನ್ನಿಸಾ ಇದ್ದಾಳೆ. ಅವಳ ಕೈಯಲ್ಲಿ ಯಾವಾಗಲೂ ಒಂದು ಚಹಾದ ಫ್ಲಾಸ್ಕ್.

ನನಗೊಂದೇ ಕಟ್ಟುನಿಟ್ಟು. ಕಣ್ಣಾರೆ ನೋಡದ್ದನ್ನು ಹೇಳಬಾರದು. ನಾನು ತಮಾಷೆಯ ಹೆಂಗಸು ಇರಬಹುದು, ಆದರೆ ನನ್ನ ಒಂದು ಮಾತಿಗೆ ಒಬ್ಬಳ ಬದುಕು ಆಚೆಯಿಂದ ಈಚೆಗಾಗುತ್ತದೆ.

ಈ ಸಲದ ಅವಳು ಜೀನಾ.

ರಿಯಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿನ ಮಲಾಜ್ ಬಡಾವಣೆಯಲ್ಲಿ ಇತರ ನರ್ಸ್‌ಗಳ ಜೊತೆ ಒಂದು ಫ್ಲ್ಯಾಟ್. ಮೂವತ್ತೆರಡು ವಯಸ್ಸು. ಅವಳ ತಾಯಿ ಊರಿನ ಕಡೆಯ ಶಿರ್ವದಿಂದ ನನಗೆ ಫೋನ್ ಮಾಡಿದ್ದರು. “ಐಡಾ ಬಾಯಿ, ಒಂದು ಒಳ್ಳೆ ಸಂಬಂಧ ಬಂದಿದೆ. ಹುಡುಗ ಜಾಕ್ಸನ್ ಅಂತ. ಮೊದಲು ಸೌದಿಯಲ್ಲಿದ್ದ. ಈಗ ಇಂಗ್ಲೆಂಡ್! ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವ ಕಂಪನಿಯಂತೆ. ಸ್ವಲ್ಪ ನೋಡಿ ಹೇಳಿ.”

ಇಂಗ್ಲೆಂಡಿನಲ್ಲಿ ಎಲ್ಲಿ?

ಲೋಸ್ಟಾಫ್ಟ್. ಪೂರ್ವ ಕರಾವಳಿಯ ಒಂದು ಊರು.

ನಾನು ಯಾನ್ಬುವಿನ ಅಡುಗೆಮನೆಯಲ್ಲಿ ಕುಳಿತು ಲೋಸ್ಟಾಫ್ಟ್‌ಗೆ ಹೊರಟೆ. ಫೋನಿನಲ್ಲಿ! ಮ್ಯಾಪ್ ತೆರೆದರೆ ಬೀದಿಯ ಚಿತ್ರಗಳೇ ಬರುತ್ತವೆ. ಬೆರಳಿನಿಂದ ನಡೆಯಬಹುದು. ಮಧ್ಯಾಹ್ನ ಫೆಲಿಕ್ಸ್ ಡ್ಯೂಟಿಯಲ್ಲಿ, ಮಕ್ಕಳು ದೊಡ್ಡವರಾಗಿ ದೂರ ಹೋದ ಮನೆ, ಎಸಿಯ ಒಂದೇ ಶ್ರುತಿ... ನಾನು ಮಾತ್ರ ಕರ್ಕ್ಲಿ ಎಂಬ ಬಡಾವಣೆಯಲ್ಲಿ ಕೆಂಪು ಇಟ್ಟಿಗೆಯ ಮನೆಗಳ ಮುಂದೆ ಅಡ್ಡಾಡುತ್ತಿದ್ದೆ. ಅಲ್ಲಿಂದ ಕೆನ್ಸಿಂಗ್ಟನ್ ಗಾರ್ಡನ್ಸ್. ದೋಣಿ ಬಿಡುವ ಪುಟ್ಟ ಕೆರೆ. ಕ್ಲೇರ್ಮಂಟ್ ಪಿಯರ್, ಅಂದರೆ ಸಮುದ್ರದೊಳಕ್ಕೆ ಕಾಲು ಚಾಚಿ ಕುಳಿತ ಹಳೆಯ ಕಟ್ಟೆ. ಬೆಲ್ ವ್ಯೂ ಪಾರ್ಕಿನ ಬಾಗಿಲಲ್ಲಿ ಹುಲ್ಲಿನ ಮಾಡಿನ ಒಂದು ಮನೆ. ಅದರ ಕೆಳಗೆ ಇನ್ನೊಂದು ಪಾರ್ಕ್. ಹೆಸರು ಗುಬ್ಬಚ್ಚಿಯ ಗೂಡು! ಹಳೆಯ ಪೇಟೆಯಿಂದ ಕಡಲಿಗೆ ಇಳಿಯುವ ಸಂದಿಗಳು ಎಷ್ಟು ಸಪೂರ ಅಂದರೆ ನನ್ನಂಥವಳು ಅಡ್ಡಲಾಗಿ ಹೋಗಬೇಕು.

ಇಪ್ಪತ್ತೆರಡು ವರ್ಷ ಯಾನ್ಬುವಿನಲ್ಲಿದ್ದೇನೆ. ಇಲ್ಲಿ ರೌಂಡ್‌ಅಬೌಟಿನಿಂದ ಹೊರಬರಲು ಗೊತ್ತಿಲ್ಲ. ಲೋಸ್ಟಾಫ್ಟ್‌ನಲ್ಲಿ ಕಣ್ಣು ಮುಚ್ಚಿ ನಡೆಯಬಲ್ಲೆ. ಪತ್ತೇದಾರಿ ಅಂದರೆ ಹೀಗಿರಬೇಕು!

ಜಾಕ್ಸನ್‌ಗೂ ಎಲ್ಲ ಗೊತ್ತಿತ್ತು. ಜೀನಾಳ ಮೂಲಕ ಕೇಳಿಸಿದೆ. ಯಾವ ಏರಿಯಾ? ಪೇಕ್‌ಫೀಲ್ಡ್. ಹತ್ತಿರ ಏನಿದೆ? ಕಡಲಂಚಿನ ಇಗರ್ಜಿ. ರಜೆಯಲ್ಲಿ ಎಲ್ಲಿಗೆ ಹೋಗುತ್ತಾನೆ? ಔಲ್ಟನ್ ಬ್ರಾಡ್, ದೋಣಿ ನೋಡಲು. ಒಂದೂ ತಪ್ಪಿಲ್ಲ. ಪ್ರತಿ ಸಂಜೆ ಜೀನಾಳಿಗೆ ವಿಡಿಯೋ ಕಾಲ್. ಹಿಂದೆ ಸಮುದ್ರ. ಸಮುದ್ರದಲ್ಲಿ ಮುಳುಗುವ ಕೆಂಪು ಸೂರ್ಯ. ದೂರದಲ್ಲಿ ಒಂದು ಸಣ್ಣ ಬೆಳಕು. “ಅದು ಲೈಟ್‌ಹೌಸ್” ಎಂದಿದ್ದನಂತೆ. ನಮ್ಮ ಸಂಜೆ ಆರು ಅಲ್ಲಿ ಮಧ್ಯಾಹ್ನ ಮೂರು; ಆದರೆ ಇಂಗ್ಲೆಂಡಿನಲ್ಲಿ ಡಿಸೆಂಬರ್ ಬಂದರೆ ಮೂರು ಗಂಟೆಗೇ ಸಂಜೆ ಎಂದು ಹೇಳಿದ್ದ. ಅಲ್ಲಿನ ಚಳಿಗಾಲದ ಗೋಳು ನಾವೂ ಕೇಳಿದವರೇ. ನಂಬಿದೆವು.

ಜೀನಾ ಆ ಚಿತ್ರಗಳನ್ನು ನನಗೆ ಕಳಿಸಿದಳು. ನಾನು ನೋಡಿದೆ. ಕನ್ನಡಕ ಹಾಕಿ ನೋಡಿದೆ. ದೊಡ್ಡದು ಮಾಡಿ ನೋಡಿದೆ. “ಹುಡುಗ ಸ್ವಲ್ಪ ಕಪ್ಪಾಗಿದ್ದಾನೆ” ಎಂಬುದು ನನ್ನ ತನಿಖೆಯ ಫಲ.

ಇವತ್ತು ಮಧ್ಯಾಹ್ನ ಬದ್ರುನ್ನಿಸಾ ಬಂದಳು. ಲೋಸ್ಟಾಫ್ಟ್ ತೋರಿಸಿದೆ, ನನ್ನದೇ ಆಸ್ತಿ ಎನ್ನುವ ಹಾಗೆ.

“ಅಲ್ಲಿ ಕಿಬ್ಲಾ ಎಂತ ಕಡೆ?” ಎಂದಳು.

ಅವಳ ಅಭ್ಯಾಸ ಅದು. ಯಾವ ಊರಿಗೆ ಹೋದರೂ ಮೊದಲು ನಮಾಜಿಗೆ ಯಾವ ದಿಕ್ಕು ಎಂದು ನೋಡಬೇಕು. ಹೋಗದ ಊರಿಗೂ ನೋಡುತ್ತಾಳೆ. ಫೋನಿನಲ್ಲಿ ಏನೋ ಒತ್ತಿದಳು.

“ಹಾ... ಮೆಕ್ಕಾ ಇವರಿಗೆ ಪೂರ್ವಕ್ಕಾಗ್ತದೆ. ಸಮುದ್ರದ ಕಡೆಗೇ ನಿಲ್ಬೇಕು. ನಮ್ಮ ಭಟ್ಕಳದ ಹಾಗೆ.”

“ಒಳ್ಳೆದಾಯ್ತು.”

“ಎಂತ ಒಳ್ಳೆದು? ಭಟ್ಕಳದಲ್ಲಿ ಸಮುದ್ರ ಪಶ್ಚಿಮಕ್ಕೆ. ಈ ಲೋಸ್ಟಾಫ್ಟ್‌ನಲ್ಲಿ ಸಮುದ್ರ ಪೂರ್ವಕ್ಕೆ. ಮತ್ತೆ ಈ ಹುಡುಗನ ಹಿಂದೆ ಸೂರ್ಯ ಸಮುದ್ರದಲ್ಲಿ ಹೇಗೆ ಮುಳುಗ್ತಾನೆ? ಅವನಿಗೇನು ಸ್ಪೆಷಲ್ ಸೂರ್ಯನಾ?”

ನಾನು ಮ್ಯಾಪ್ ದೊಡ್ಡದು ಮಾಡಿ ನೋಡಿದೆ. ಮುಚ್ಚಿದೆ.

ನಾವು ಕರಾವಳಿಯವರು! ಹುಟ್ಟಿದಾಗಿನಿಂದ ಸೂರ್ಯ ಸಮುದ್ರದಲ್ಲೇ ಮುಳುಗುವುದನ್ನು ನೋಡಿದ್ದೇವೆ. ಮಲ್ಪೆಯಲ್ಲಿ ಹಾಗೆ. ಯಾನ್ಬುವಿನಲ್ಲಿ ಹಾಗೆ. ಸಮುದ್ರ ಇದ್ದ ಮೇಲೆ ಸೂರ್ಯ ಅಲ್ಲಿಗೇ ಬೀಳಬೇಕು ಎಂದು ನಮ್ಮ ರಕ್ತಕ್ಕೆ ಗೊತ್ತು. ಸುಳ್ಳು ಹೇಳಿದ ಜಾಕ್ಸನ್‌ಗೆ ಅನುಮಾನ ಬರಲಿಲ್ಲ. ನಂಬಿದ ಜೀನಾಳಿಗೆ ಬರಲಿಲ್ಲ. ಅವಳ ತಾಯಿಗೆ ಬರಲಿಲ್ಲ. ಆ ಊರಿನ ಗುಬ್ಬಿ ಗೂಡನ್ನೂ ಬಿಡದೆ ಜಾಲಾಡಿದ ನನಗಂತೂ... ಬಿಡಿ!

“ಮತ್ತೆ ಇದೆಂತ ಲೈಟ್‌ಹೌಸ್?” ಬದ್ರುನ್ನಿಸಾ ಚಿತ್ರದ ಸಣ್ಣ ಬೆಳಕಿನ ಮೇಲೆ ಬೆರಳಿಟ್ಟಳು. “ಅಲ್ಲಾಡಿದ ಹಾಗೆ ಉಂಟು. ಬೆಂಕಿಯ ಹಾಗೆ.”

ತಲೆ ಎತ್ತಿದೆ. ನನ್ನ ಅಡುಗೆಮನೆಯ ಕಿಟಕಿ. ಅದರಾಚೆ, ದೂರದಲ್ಲಿ, ರಿಫೈನರಿಯ ಚಿಮಣಿಯ ತುದಿಯಲ್ಲಿ... ಸಣ್ಣ ಬೆಂಕಿ. ಅಲ್ಲಾಡುತ್ತಿತ್ತು.

ಇಂಗ್ಲೆಂಡಿನಲ್ಲಿ ನಾನು ಹುಡುಕುತ್ತಿದ್ದ ಹುಡುಗ ಪ್ರತಿ ಸಂಜೆ ನನ್ನ ಮನೆಯಿಂದ ಹತ್ತು ನಿಮಿಷದ ದೂರದಲ್ಲಿದ್ದ!

ಜೀನಾಳಿಗೆ ಫೋನ್ ಮಾಡಿದೆ. ಮದುವೆಗೆ ಮೊದಲು ಕೆಲಸ ಬಿಡುತ್ತೇನೆ ಎಂದು ಅವಳು ನನಗೆ ಹೇಳಿದ್ದಳು.

“ಜೀನಾ, ರಿಸೈನ್ ಮಾಡಬೇಡ. ಅವ ಇಂಗ್ಲೆಂಡಿನಲ್ಲಿಲ್ಲ.”

“ಎಂತ ಆಂಟಿ ಹೇಳ್ತಾ ಇದ್ದೀರಿ? ಕೊಟ್ಟಾಯ್ತು. ಇವತ್ತು ಡ್ಯೂಟಿ ಮುಗಿದ ಕೂಡಲೇ ಎಚ್‌ಆರ್‌ಗೆ ಹೋಗ್ಬೇಕು. ಫೈನಲ್ ಎಕ್ಸಿಟ್‌ಗೆ.”

ಫೈನಲ್ ಎಕ್ಸಿಟ್! ಎಚ್‌ಆರ್‌ನವನು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿಯಿತು; ದೇಶ ಬಿಡಬೇಕು. ಅವಳ ಜಾಗಕ್ಕೆ ಕಾಯುವವರ ಸಾಲು ಉದ್ದ. ಮತ್ತೆ ಯಾರೂ ಕರೆಯುವುದಿಲ್ಲ. ಕೈಯಲ್ಲಿ ಕೆಲಸವಿಲ್ಲ, ಮುಂದೆ ಇಂಗ್ಲೆಂಡೂ ಇಲ್ಲ. ಜನವರಿಯ ಮದುವೆಗೆ ಹಾಲ್ ಬುಕ್ ಆಗಿದೆ.

“ಅವ ಇಲ್ಲಿ, ಯಾನ್ಬುವಿನಲ್ಲಿದ್ದಾನೆ ಮಗಾ.”

“ನೀವು ನೋಡಿದ್ರಾ?”

“ಸೂರ್ಯನನ್ನು ನೋಡಿದೆ.”

“ಆಂಟಿ!” ಅವಳ ಸ್ವರ ಒಡೆಯಿತು. “ಹೋದ ಸಂಬಂಧ ಯಾರೋ ‘ಕೇಳಿದ್ದು’ ಅಂತ ಹೇಳಿದ್ದಕ್ಕೆ ಮುರೀತು. ಆಮೇಲೆ ಅದು ಸುಳ್ಳು ಅಂತ ಗೊತ್ತಾಯ್ತು. ಇನ್ನು ಕೇಳಿದ್ದು ಬೇಡ, ಅಂದಾಜೂ ಬೇಡ. ನೋಡಿದ್ರೆ ಹೇಳಿ. ಇಲ್ಲದಿದ್ರೆ ನನ್ನನ್ನು ಖುಷಿಯಲ್ಲಿ ಇರ್ಲಿಕ್ಕೆ ಬಿಡಿ.”

ಫೋನ್ ಇಟ್ಟಳು.

ನನ್ನ ನಿಯಮವನ್ನು ನನಗೇ ಹೇಳಿದ್ದಳು. ಸರಿಯಾಗಿಯೇ ಹೇಳಿದ್ದಳು. ಬದ್ರುನ್ನಿಸಾ ಆಗಲೇ ಫ್ಲಾಸ್ಕ್ ತುಂಬಿಸುತ್ತಿದ್ದಳು.

“ಯಲ್ಲಾ, ಹೊರಡು” ಎಂದಳು.

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಂಜೆ ಯಾನ್ಬುವಿನ ಕಡಲ ದಡದಲ್ಲಿ ಜನ ತೆಳ್ಳಗಿನ ಬಟ್ಟೆ ಹಾಕಿಕೊಂಡು ಗಾಳಿ ತೆಗೆದುಕೊಳ್ಳುತ್ತಾರೆ. ಒಬ್ಬ ಮಾತ್ರ ಉಣ್ಣೆಯ ಟೊಪ್ಪಿ, ಮಂಡಿಯವರೆಗಿನ ಕಪ್ಪು ಜಾಕೆಟ್, ಮಫ್ಲರ್ ಹಾಕಿ ಬಂಡೆಯ ಮೇಲೆ ನಿಂತಿದ್ದ! ಎದುರಿಗೆ ದಪ್ಪ ತೋಳಿನ ಇನ್ನೊಬ್ಬ, ಜನರನ್ನು ಬದಿಗೆ ಕಳಿಸುತ್ತ ಜಾಗ ಖಾಲಿ ಮಾಡಿಸುತ್ತಿದ್ದ. ಆ ತೋಳು ನನಗೆ ಗೊತ್ತು. ಕ್ರಿಸ್ಟೋಫರ್. ಫೆಲಿಕ್ಸ್‌ನ ಕೈಕೆಳಗೆ ಕೆಲಸ ಮಾಡುವವನು.

ನಾನು ಫೋನ್ ಎತ್ತಿ ವಿಡಿಯೋ ಒತ್ತಿದೆ. “ಜಾಕ್ಸನ್!” ಎಂದು ಕೂಗಿದೆ.

ಅವರು ಓಡಿದರು. ನಾನೂ ಓಡಿದೆ. ನಾಲ್ಕು ಹೆಜ್ಜೆ. ಮೊಣಕಾಲು ಸಾಕು ಎಂದಿತು. ಉಳಿದದ್ದು ಕಾರಿನಲ್ಲಿ. ಆ ರೌಂಡ್‌ಅಬೌಟಿನ ಸಂಗತಿ ನಿಮಗೆ ಆಗಲೇ ಹೇಳಿದ್ದೇನೆ, ಮತ್ತೆ ಹೇಳಿಸಬೇಡಿ.

ಈಗ ಪಿಕಪ್ ಹಿಂದೆ. ನಾನು ಮುಂದೆ. ಬಲಕ್ಕೆ ಒಂದು ದಾರಿ ಕಂಡಿತು. ತಿರುಗಿಸಿದೆ.

ಅದು ದಾರಿಯಲ್ಲ. ಕಡಲ ಬದಿಯ ಪಾರ್ಕಿನ ಪಾರ್ಕಿಂಗ್. ಮುಂದೆ ಕಲ್ಲಿನ ಕಟ್ಟೆ. ಅದರಾಚೆ ಕೆಂಪು ಸಮುದ್ರ!

ಪಿಕಪ್ ಅಡ್ಡ ನಿಂತಿತು. ಮುಗಿಯಿತು.

ಕ್ರಿಸ್ಟೋಫರ್ ಇಳಿದು ಬಂದ. ನನ್ನ ಕಿಟಕಿಯ ಮೇಲೆ ಕೈಯಿಟ್ಟ. ಗಾಜು ಪೂರಾ ಅವನ ಕೈಯೇ.

“ಆಂಟಿ, ಫೋನ್ ಕೊಡಿ.”

“ನಾನು ನಿನಗೆ ಯಾವ ಲೆಕ್ಕದಲ್ಲಿ ಆಂಟಿ?”

“ಮತ್ತೆಂತ, ಅಜ್ಜಿ ಅನ್ಬೇಕಾ? ಫೋನ್ ಕೊಡಿ!” ಅವನ ಸ್ವರ ತಗ್ಗಿತು. ತಗ್ಗಿದ ಸ್ವರ ಹೆಚ್ಚು ಹೆದರಿಸುತ್ತದೆ. “ಪರ್ಮಿಶನ್ ಇಲ್ಲದೆ ನಮ್ಮ ವಿಡಿಯೋ ತೆಗ್ದಿದ್ದೀರಿ. ಈ ದೇಶದಲ್ಲಿ ಅದು ಎಂತ ಕೇಸ್ ಗೊತ್ತುಂಟಲ್ಲ? ನಾನೊಂದು ಫೋನ್ ಮಾಡಿದ್ರೆ ಪೊಲೀಸ್ ಬರ್ತಾರೆ. ನೀವು ಮಾತ್ರ ಅಲ್ಲ, ಫೆಲಿಕ್ಸ್ ಸರ್ ಕೂಡ ಗಂಟುಮೂಟೆ ಕಟ್ಬೇಕು.”

ಅವನು ಹೇಳಿದ್ದು ಸುಳ್ಳಲ್ಲ. ಫೆಲಿಕ್ಸ್‌ಗೆ ಏನು ಹೇಳಲಿ? ಕಡಲ ದಡದಲ್ಲಿ ಹುಡುಗರ ಹಿಂದೆ ಓಡಿದ್ದಕ್ಕೆ ನಿಮ್ಮ ಕೆಲಸ ಹೋಯಿತು ಎಂದೇ?

“ನೋಡುವಾ” ಎಂದೆ. ಫೋನ್ ತೆಗೆದು ವಿಡಿಯೋ ಹಾಕಿದೆ. ಮೂವರೂ ನೋಡಿದೆವು.

ಹೆಬ್ಬೆರಳು.

ಆದಿಯಿಂದ ಅಂತ್ಯದವರೆಗೆ ನನ್ನ ಹೆಬ್ಬೆರಳು! ಕೊನೆಗೆ ಸ್ವಲ್ಪ ಮರಳು, ನನ್ನ ಒಂದು ಚಪ್ಪಲಿ.

ಕ್ರಿಸ್ಟೋಫರ್‌ನ ಮೀಸೆ ಅಲ್ಲಾಡಿತು. “ಇದಕ್ಕೆ ನಾವು ಪೆಟ್ರೋಲ್ ಸುಟ್ಟೆವಾ?”

ಕೇಸ್ ಇಲ್ಲ. ಪುರಾವೆಯೂ ಇಲ್ಲ.

ನಾನು ಕಾರಿನಿಂದ ಇಳಿದೆ. ಪಿಕಪ್ಪಿನ ಆ ಬದಿ ಜಾಕ್ಸನ್ ಜಾಕೆಟ್ಟಿನೊಳಗೆ ನಿಂತಿದ್ದ. ಟೊಪ್ಪಿಯ ಕೆಳಗಿನಿಂದ ಬೆವರು ಸುರಿಯುತ್ತಿತ್ತು. ಕೆಟ್ಟವನ ಮುಖ ಇರಬಹುದೆಂದು ನಾನು ತಯಾರಾಗಿ ಬಂದಿದ್ದೆ. ಇದು ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಹೋಗದೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತವನ ಮುಖ.

“ಜಾಕೆಟ್ ತೆಗಿ ಮಗಾ, ಬೇಯ್ತಿ” ಎಂದಳು ಬದ್ರುನ್ನಿಸಾ. ಚಹಾ ಬಗ್ಗಿಸಿ ಅವನ ಕೈಗೆ ಕೊಟ್ಟಳು.

“ಎಂತಕ್ಕಪ್ಪಾ ಇದೆಲ್ಲ?” ಎಂದೆ.

“ವೀಸಾ ಸಿಗ್ತದೆ ಅಂತಿತ್ತು ಆಂಟಿ. ಅಮ್ಮ ಇಗರ್ಜಿಯಲ್ಲಿ ಪೂಜೆ ಕೊಡಿಸಿ, ನಮ್ಮ ವಾಡೆಯ ನೆರೆಕರೆಯವರಿಗೆಲ್ಲ ಊಟ ಹಾಕಿದ್ರು. ಮಗ ಇಂಗ್ಲೆಂಡಿಗೆ ಅಂತ. ಮರುವಾರ ರಿಜೆಕ್ಟ್ ಆಯ್ತು.” ಅವನು ಚಹಾದ ಕಡೆ ನೋಡುತ್ತಿದ್ದ. “ಊಟ ಮಾಡಿದವರಿಗೆ ಎಂತ ಹೇಳುದು? ಇಲ್ಲೇ ಇದ್ದೆ. ಇಂಗ್ಲೆಂಡಿನಲ್ಲಿದ್ದೇನೆ ಅಂದೆ. ಆಮೇಲೆ ಜೀನಾಳ ಸಂಬಂಧ ಬಂತು. ಇವತ್ತು ಹೇಳ್ತೇನೆ, ನಾಳೆ ಹೇಳ್ತೇನೆ ಅಂತಲೇ ಇದ್ದೆ.”

“ಯಾವಾಗ? ತಾಳಿ ಕಟ್ಟಿದ ಮೇಲಾ?”

ಅವನು ಮಫ್ಲರಿನಿಂದ ಮುಖ ಒರೆಸಿಕೊಂಡ.

“ಅವಳು ಕೆಲಸ ಬಿಡ್ತಾ ಇದ್ದಾಳೆ. ಇವತ್ತು. ಈಗ!”

ಲೋಟ ಅವನ ಕೈಯಲ್ಲಿ ಓರೆಯಾಯಿತು. “ಇವತ್ತಾ? ಮದುವೆಗೆ ರಜೆ ಹಾಕ್ತೇನೆ ಅಂದಿದ್ಲು...”

“ಯಾವ ಹೆಂಗಸು ಮದುವೆ ಆಗಿ ಇಂಗ್ಲೆಂಡಿಗೆ ಹೋಗುವವಳು ರಜೆ ಹಾಕಿ ಹೋಗ್ತಾಳೆ ಮಾರಾಯ? ನಿನ್ನ ಪಾರ್ಕು, ಪಿಯರು ನಂಬಿ ಅವಳು ಹಿಂದಿನ ಬಾಗಿಲು ಮುಚ್ಚಿ ಬರ್ತಾ ಇದ್ದಾಳೆ. ಆಮೇಲೆ ನೋಡಿದ್ರೆ ಮುಂದೆ ಗೋಡೆ!”

ಆಗ ಅವನ ಜೇಬಿನಲ್ಲಿ ಫೋನ್ ರಿಂಗಾಯಿತು.

ಜೀನಾ.

ಅದೇ ಕ್ಷಣಕ್ಕೆ ಪಾರ್ಕಿನಾಚೆಯ ಮಸೀದಿಯ ಧ್ವನಿವರ್ಧಕ ಗಂಟಲು ಸರಿಪಡಿಸಿಕೊಂಡಿತು. ಮಗ್ರಿಬ್‌ನ ಬಾಂಗ್, ಸೂರ್ಯ ಮುಳುಗಿದ ಹೊತ್ತಿನ ನಮಾಜಿನ ಕರೆ.

ಜಾಕ್ಸನ್ ಬೆಚ್ಚಿಬಿದ್ದ. ಪ್ರತಿ ಸಂಜೆ ಈ ಸ್ವರ ಏಳುವ ಮೊದಲೇ ಅವನು ಕಾಲ್ ಕಟ್ ಮಾಡುತ್ತಿದ್ದ. ರಿಯಾದಿನಲ್ಲಿ ಸೂರ್ಯ ನಮಗಿಂತ ಅರ್ಧ ಗಂಟೆ ಮೊದಲೇ ಮುಳುಗುತ್ತಾನೆ. ಅಲ್ಲಿನ ಬಾಂಗ್ ಆಗಲೇ ಮುಗಿದಿರುತ್ತದೆ. ಫೋನಿನಲ್ಲಿ ಕೇಳಿದರೆ ಅದು ಇವನ ಕಡೆಯದೇ!

“ಎತ್ತಬೇಡ!” ಕ್ರಿಸ್ಟೋಫರ್ ಅಂದ. “ಆಮೇಲೆ ಮಾಡ್ತೇನೆ ಅಂತ ಮೆಸೇಜ್ ಹಾಕು.”

ನಾನು ಅವನ ಫೋನ್ ಕಸಿಯಬಹುದಿತ್ತು. ಪತ್ತೇದಾರರು ಕಸಿಯುತ್ತಾರೆ. ಆದರೆ ನನ್ನ ಕೈ ಮೊಣಕಾಲಿನ ಮೇಲಿತ್ತು. ತೆಗೆದರೆ ನಾನು ಬೀಳುತ್ತಿದ್ದೆ.

“ಎತ್ತು” ಎಂದೆ. ಅಷ್ಟೇ. “ನೀನಾಗಿ ಎತ್ತು.”

ರಿಂಗಾಗುತ್ತಿತ್ತು. ಬಾಂಗ್ ಏರುತ್ತಿತ್ತು. ಜಾಕ್ಸನ್ ಟೊಪ್ಪಿ ತೆಗೆದ. ಕೂದಲು ಹಣೆಗೆ ಅಂಟಿತ್ತು. ಎತ್ತಿದ.

“ಜಾಕ್ಸನ್, ಎಚ್‌ಆರ್ ಬಾಗಿಲಲ್ಲಿ ಕೂತಿದ್ದೇನೆ. ಒಳಗೆ ಹೋಗುವ ಮೊದಲು ಒಮ್ಮೆ ನಿಮ್ಮ ಮುಖ...” ಜೀನಾಳ ಸ್ವರ ನಿಂತಿತು.

ಬಾಂಗ್ ಮಾತ್ರ ನಿಲ್ಲಲಿಲ್ಲ. ಅವನು ಫೋನನ್ನು ಮೆಲ್ಲಗೆ ತಿರುಗಿಸಿದ. ಸಮುದ್ರ. ಖರ್ಜೂರದ ಮರಗಳು. ರಿಫೈನರಿಯ ಬೆಂಕಿ. ಅರಬಿಯಲ್ಲಿ ಬರೆದ ಬೋರ್ಡ್. ಕೊನೆಗೆ ನಾನು, ಅರ್ಧ ಬಗ್ಗಿದವಳು.

“ಆಂಟಿ” ಎಂದಳು ಜೀನಾ. “ನೋಡಿದ್ರಾ?”

“ನೋಡ್ತಾ ಇದ್ದೇನೆ ಮಗಾ.”

“ಹೇಗಿದ್ದಾನೆ?”

“ಬೆವರಿದ್ದಾನೆ.”

ಅವಳು ನಕ್ಕಳು. ಆ ನಗು ಅರ್ಧದಲ್ಲಿ ಬೇರೆ ಏನೋ ಆಯಿತು. ನಾನು ಕಾದೆ. ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವವರು ಹೆಂಗಸರ ಅಳುವಿಗೆ ಅಡ್ಡ ಬರುತ್ತಾರೆ, ಅಷ್ಟೇ. ಬದ್ರುನ್ನಿಸಾ ಶಾಲಿನ ತುದಿಯಲ್ಲಿ ಮುಖ ಒರೆಸಿಕೊಂಡು ಕಟ್ಟೆಯ ಕಡೆಗೆ ನಮಾಜಿಗೆ ಹೊರಟಳು.

“ಜೀನಾ, ಸಾರಿ...” ಜಾಕ್ಸನ್ ಶುರು ಮಾಡಿದ.

“ನೀವು ಬಾಯಿ ಮುಚ್ಚಿ. ಫೋನ್ ಆಂಟಿಗೆ ಕೊಡಿ.”

ಕೊಟ್ಟ. ಪರದೆಯ ಮೇಲೆ ಅವಳ ಮುಖ. ಕಣ್ಣು ಕೆಂಪು. ಹಿಂದೆ ಆಸ್ಪತ್ರೆಯ ಬಿಳಿ ಗೋಡೆ.

“ಆಂಟಿ, ಒಳಗೆ ಹೋಗಿ ರಿಸೈನ್ ಹಿಂದೆ ತಗೊಳ್ತೇನೆ. ಎಚ್‌ಆರ್‌ನವ ಬೈತಾನೆ. ಬೈಲಿ. ಇನ್ನೂ ಗುಂಡಿ ಒತ್ತಲಿಲ್ಲ.”

“ಜಾಣೆ.”

“ಒಂದು ಕೇಳ್ತೇನೆ. ಮೂರು ತಿಂಗಳಿಂದ ನೈಟ್ ಡ್ಯೂಟಿಯ ಬ್ರೇಕಿನಲ್ಲಿ ನಾನು ಆ ಊರಲ್ಲೇ ನಡೀತಾ ಇದ್ದೇನೆ, ಫೋನಿನಲ್ಲಿ. ಕರ್ಕ್ಲಿಯ ಬೀದಿಯಲ್ಲಿ ಒಂದು ಬೇಕರಿ ಉಂಟು. ಬೆಲ್ ವ್ಯೂ ಪಾರ್ಕಿನಲ್ಲಿ ಒಂದು ಬೆಂಚು ನೋಡಿ ಇಟ್ಟಿದ್ದೇನೆ. ನನಗೆ ಅಂತ.” ಮೂಗು ಒರೆಸಿಕೊಂಡಳು. “ಹುಡುಗ ಸುಳ್ಳು. ಸರಿ. ಊರು ಸುಳ್ಳಲ್ವಲ್ಲ ಆಂಟಿ?”

ಆ ಬೆಂಚಿನ ಮೇಲೆ ಮಧ್ಯಾಹ್ನಗಳಲ್ಲಿ ನಾನೂ ಕುಳಿತಿದ್ದೆ. ಒಂದೇ ಪಾರ್ಕಿನಲ್ಲಿ ಇಬ್ಬರೂ ಸುತ್ತಿದ್ದೆವು, ಒಬ್ಬರಿಗೊಬ್ಬರು ಸಿಗದೆ.

“ಊರು ಉಂಟು ಮಗಾ. ಸೂರ್ಯ ಮಾತ್ರ ಅಲ್ಲಿ ಬೆಳಿಗ್ಗೆ ಬರ್ತಾನೆ ಸಮುದ್ರಕ್ಕೆ.”

“ಬರ್ಲಿ. ನಾನೂ ಬೇಗ ಏಳುವವಳೇ. ಅಲ್ಲಿ ನರ್ಸ್ ಬೇಕು ಅಂತ ಉಂಟು. ಇಂಗ್ಲಿಷ್ ಪರೀಕ್ಷೆಗೆ ಆಗಲೇ ಓದಿದ್ದೆ, ಮದುವೆ ಆದ ಮೇಲೆ ಕೆಲಸಕ್ಕೆ ಆಗ್ತದೆ ಅಂತ. ಇಲ್ಲೇ ಬರೀತೇನೆ. ಪಾಸಾಗಿ, ಕೆಲಸ ಸಿಕ್ಕಿದ ಮೇಲೆಯೇ ಬಿಡ್ತೇನೆ. ನನ್ನ ವೀಸಾದಲ್ಲಿ ನಾನು ಹೋಗ್ತೇನೆ.”

“ಇವನಿಗೆ ಎಂತ ಹೇಳ್ಲಿ?”

ಹಿಂದೆ ಯಾರೋ ಬಾಗಿಲು ತೆರೆದು ಅವಳ ಹೆಸರು ಕರೆದರು.

“ನಾನು ಹೋಗಿ ಮನೆ ಮಾಡಿದ ಮೇಲೆ ಬೇಕಾದ್ರೆ ಅರ್ಜಿ ಹಾಕ್ಲಿ ಅಂತ ಹೇಳಿ. ಡಿಪೆಂಡೆಂಟ್ ವೀಸಾಕ್ಕೆ, ನನ್ನ ಗಂಡ ಅಂತ. ನೋಡುವಾ.”

ಫೋನ್ ಕಟ್ಟಾಯಿತು. ಕ್ರಿಸ್ಟೋಫರ್ ಪಿಕಪ್ಪಿಗೆ ಒರಗಿ ಆಕಾಶ ನೋಡುತ್ತಿದ್ದ. ಜಾಕ್ಸನ್ ಬಿಚ್ಚಿದ ಜಾಕೆಟನ್ನು ಎದೆಗವಚಿಕೊಂಡು ಕಾಯುತ್ತಿದ್ದ.

“ಎಂತ ಹೇಳಿದ್ಲು ಆಂಟಿ?”

ಹೇಳಿದೆ. ಒಂದಕ್ಷರ ಬಿಡದೆ.

ಅವನ ಮುಖ ನೋಡಿದೆ. ಸಂತೋಷಪಡಬೇಕೋ ನಾಚಬೇಕೋ ತಿಳಿಯದೆ, ಯಾರಾದರೂ ಬಂದು ಎಲ್ಲಿ ನಿಲ್ಲಬೇಕೆಂದು ಹೇಳಲಿ ಎಂದು ಕಾಯುವ ಮುಖ.

ಆ ಮುಖದ ಬಗ್ಗೆ ವಿಚಾರಿಸುವ ಅಗತ್ಯ ನನಗಿರಲಿಲ್ಲ... ಇಪ್ಪತ್ತೆರಡು ವರ್ಷದ ಹಿಂದೆ, ಫೆಲಿಕ್ಸ್‌ನ ಡಿಪೆಂಡೆಂಟ್ ಎಂದು ಜಿದ್ದಾದಲ್ಲಿ ಇಳಿದ ದಿನ, ಏರ್‌ಪೋರ್ಟಿನ ಗಾಜಿನಲ್ಲಿ ಅದನ್ನು ಕಣ್ಣಾರೆ ನೋಡಿದ್ದೆ.